ದೂರುಗಳ ಸಂಖ್ಯೆ: ಒಂದು

ವಾರ್ಷಿಕ ವರದಿ ಸ್ವೀಕರಿಸಬೇಕಾದ ಮಾನ್ಯ ಅಧಿಕಾರಿಗಳೇ,

ನನ್ನ ವರದಿಯನ್ನು ತಮ್ಮ ಕಚೇರಿ ಮೂರು ಸಲ ಹಿಂದಿರುಗಿಸಿದೆ. ಅದರಲ್ಲಿರುವ ತಪ್ಪೆಂದರೆ, ನಡೆದದ್ದನ್ನು ನಡೆದಂತೆ ಬರೆದಿದ್ದೇನೆ.

ಕಲಘಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಘಟಕ ನನ್ನದು. ಕಳೆದ ವರ್ಷ ಕೆಲಸ ಹೆಚ್ಚಿ ನಮ್ಮ ಕೆಲಸಗಾರರು ಹತ್ತು ಮಂದಿಯಾದರು. ಹತ್ತಾದ ಮೇಲೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ದರೆ ದಂಡ ಎಂದು ತಮ್ಮಿಂದಲೇ ನೋಟಿಸು ಬಂತು. ಸಮಿತಿ ಮಾಡಿದೆ. ಹೊರಗಿನ ಸದಸ್ಯೆಯಾಗಿ ನಿವೃತ್ತ ಶಿಕ್ಷಕಿಯೊಬ್ಬರು ಬಂದರು. ಗೋಡೆಗೆ ಫಲಕ ಹಾಕಿದೆ. ಅದನ್ನು ಯಾರಾದರೂ ಓದುತ್ತಾರೆಂದು, ಸುಳ್ಳೇಕೆ ಹೇಳಲಿ, ನಾನೂ ಅಂದುಕೊಂಡಿರಲಿಲ್ಲ.

ಹತ್ತನೆಯವಳಾಗಿ ಸೇರಿದ ಹುಡುಗಿ ಓದಿದಳು. ಆಕೆಯನ್ನು ಭಾಗ್ಯಾ ಎನ್ನುತ್ತೇನೆ. ನಿಜ ಹೆಸರು ಹೇಳಬಾರದೆಂಬ ಕಾನೂನು ನನಗೆ ಗೊತ್ತು. ಬಟ್ಟೆ ಕತ್ತರಿಸುವವನು ತನ್ನ ಮೈಮೇಲೆ ಕೈಹಾಕಿದನೆಂದು ಬರೆದುಕೊಟ್ಟಳು. ಬಟ್ಟೆ ಕತ್ತರಿಸುತ್ತಿದ್ದವನು ನನ್ನ ಸ್ವಂತ ತಮ್ಮ.

ಸಮಿತಿ ನಾಲ್ಕು ಸಲ ಕೂತಿತು. ನಾನು ಹೊರಗೆ ಅಂಗಳದಲ್ಲಿ ನಿಂತಿದ್ದೆ. ಕೊನೆಗೆ ಶಿಕ್ಷಕಿ ಬಂದು, "ಖರೇ ಐತ್ರಿ. ಕೆಲಸದಿಂದ ತಗೀರಿ ಅಂತ ಬರದೇವಿ," ಎಂದರು.

ತೆಗೆದೆ. "ಯಾರದೋ ಹುಡುಗಿ ಮಾತ ಕೇಳಿ ನನ್ನ ಮಗನ್ನ ಬೀದಿಗಿ ಹಾಕಿದಿ," ಎಂದಳು ಅವ್ವ. ಅಂದಿನಿಂದ ಮಾತು ಬಿಟ್ಟಿದ್ದಾಳೆ. ನನಗೆ ಅಳು ಬರಲಿಲ್ಲ. ನನ್ನ ತಮ್ಮ ಅರ್ಧಕ್ಕೆ ಬಿಟ್ಟುಹೋದ ಅಂಗಿಯ ಬಟ್ಟೆ ಮೇಜಿನ ಮೇಲಿತ್ತು, ಕತ್ತರಿಸಿದೆ. ಈಗಲೂ ಅಷ್ಟೇ. ಸಿಟ್ಟೂ ಇಲ್ಲ, ಏನೂ ಇಲ್ಲ.

ಸಮಿತಿಯ ವಾರ್ಷಿಕ ವರದಿಯಲ್ಲಿ ದೂರುಗಳ ಸಂಖ್ಯೆ ಒಂದು ಎಂದು ಬರೆದು ತಂದಾಗ ತಮ್ಮ ಗುಮಾಸ್ತರು, "ಇಡೀ ಜಿಲ್ಲಾದಾಗ ಎಲ್ಲಾರೂ ಸೊನ್ನೀನ ಬರದಾರ್ರಿ ಅಕ್ಕಾರ. ನೀವೂ ಸೊನ್ನಿ ಬರಕೊಂಡ ಬರ್ರಿ. ನಿಮಗೂ ತ್ರಾಸಿಲ್ಲ, ನಮಗೂ ತ್ರಾಸಿಲ್ಲ," ಎಂದರು. ಎರಡನೆಯ ಸಲ, "ತಮ್ಮನ್ನ ತಗದ ಮ್ಯಾಲೆ ನೀವು ಒಂಬತ್ತ ಮಂದಿ ಆದ್ರಿ. ವರದೀನ ಬ್ಯಾಡ್ರಿ," ಎಂದರು. ಹೊಸಬರೊಬ್ಬರನ್ನು ಸೇರಿಸಿ, ಮತ್ತೆ ಹತ್ತಾಗಿ ಹೋದೆ. ಆ ಮೂರನೆಯ ಸಲ ಅವರು ಕಾಗದ ನೋಡದೆಯೇ ಹಿಂದಕ್ಕೆ ಕೊಟ್ಟರು.

ಸಮಿತಿ ಮಾಡದಿದ್ದರೆ ದಂಡ ಎಂದವರು, ಅದು ಕೆಲಸ ಮಾಡಿದರೆ ಗಾಬರಿಯಾಗುವುದೇಕೆ? ಸೊನ್ನೆಗೆ ಸೊನ್ನೆ ಕೂಡಿಸಿ ಮೇಲಿನವರಿಗೆ ಕಳಿಸಲು ಇಷ್ಟೊಂದು ಸಿಬ್ಬಂದಿ ಬೇಕೆ? ಇಡೀ ಜಿಲ್ಲೆ ಅಷ್ಟು ಸುರಕ್ಷಿತವೆಂದು ತಾವಾದರೂ ನಂಬಿದ್ದೀರಾ?

ಬರುವ ಸೋಮವಾರ ನಾಲ್ಕನೆಯ ಸಲ ಬರುತ್ತೇನೆ. ವರದಿಯನ್ನು ಇದ್ದಂತೆಯೇ ತೆಗೆದುಕೊಂಡು, ಮೊಹರು ಹಾಕಿದ ಸ್ವೀಕೃತಿ ಕೊಡಬೇಕು. ಅದನ್ನು ಭಾಗ್ಯಾಳಿಗೆ ತೋರಿಸಬೇಕಿದೆ. ಮೊದಲೆರಡು ಸಲ ನಾನು ಕಚೇರಿಯಿಂದ ಬಂದಾಗ, "ತಗೊಂಡ್ರೇನ್ರಿ ಅಕ್ಕಾರ?" ಎಂದು ಕೇಳಿದ್ದಳು. ಮೂರನೆಯ ಸಲ ಬಂದಾಗ ತಲೆ ಎತ್ತಿ ನೋಡಿದಳು, ಮತ್ತೆ ಹೊಲಿಗೆ ಹಾಕತೊಡಗಿದಳು.

ಇಂತಿ,
ಭಾಗ್ಯಾಳ ಗುರುತು ಸಿಗಬಾರದೆಂದು ಊರು, ಹೆಸರು ಎರಡನ್ನೂ ಬರೆಯಲಾರದ,
ಹತ್ತು ಮಂದಿಗೆ ಕೆಲಸ ಕೊಟ್ಟವಳು