ಪತ್ತೇದಾರನ ಗದ್ದ

ನನ್ನ ಮುಖವಾಡದ ಪತ್ತೇದಾರನನ್ನು ಈಗ ಬರೆಯುತ್ತಿರುವ ಕಿರಿಯ ಚಿತ್ರಕಾರನಿಗೆ,

ಹೊಸ ಕಾಮಿಕ್ಸ್ ತಲುಪಿತು. ನಿನ್ನ ಗೆರೆ ಚುರುಕಾಗಿದೆ. ನನ್ನ ಕಾಲದಲ್ಲಿ ಅವನು ಓಡುವಾಗಲೂ ಮೊಳೆ ಹೊಡೆದ ಹಾಗೆ ನಿಂತಿರುತ್ತಿದ್ದ. ಒಂದೇ ಕೋರಿಕೆ: ಮುಂದಿನ ಸಂಚಿಕೆಯನ್ನು ಮನೆಗೆ ಕಳಿಸಬೇಡ.

ಕೊನೆಯ ಪುಟದಲ್ಲಿ ಅವನ ಮುಖವಾಡ ತೆಗೆಸಿದ್ದೀಯ. ತಪ್ಪೇನಲ್ಲ, ಈಗಿನ ಓದುಗರಿಗೆ ಮುಖ ಬೇಕು. ಆದರೆ ನಾನು ಅದನ್ನು ಹಾಕಿದ್ದು ಕಥೆಯ ಗುಟ್ಟಿಗಾಗಿ ಅಲ್ಲ. ಮನೆ ಬಿಟ್ಟು ಹೋದ ನನ್ನ ಅಣ್ಣನನ್ನು ಬರೆಯಲು ಕೂತಿದ್ದೆ. ಅವನ ಕಂಕುಳಲ್ಲಿ ಬೆಳೆದವನು ನಾನು. ಕೆಳಗಿನಿಂದ ಕಂಡ ಗದ್ದವೊಂದೇ ನೆನಪಿತ್ತು. ಮನೆಯಲ್ಲಿ ಫೋಟೋ ಇರಲಿಲ್ಲ. ಎಷ್ಟು ತಿಣುಕಿದರೂ ಕಣ್ಣು ಬರಲಿಲ್ಲ, ಮುಚ್ಚಿಬಿಟ್ಟೆ.

ಅಮ್ಮ ಮೊದಲ ಸಂಚಿಕೆಯಲ್ಲೇ ಆ ಗದ್ದದ ಗುಳಿಯನ್ನು ಗುರುತು ಹಿಡಿದಳು. “ದೊಡ್ಡವನಿಗೆ ಕೆಲಸ ಜಾಸ್ತಿ, ಮುಗಿಸ್ಕೊಂಡು ಬರ್ತಾನೆ” ಅನ್ನುತ್ತಿದ್ದಳು. ಅಂದಿನಿಂದ ಬಾಗಿಲಿಗೆ ಚಿಲಕ ಹಾಕಲು ಬಿಟ್ಟಿರಲಿಲ್ಲ. ಬೆಕ್ಕುಗಳಷ್ಟೇ ಬಂದವು.

ನಿನ್ನೆ ಭೂತಗನ್ನಡಿ ಹಿಡಿದು ನಿನ್ನ ಕೊನೆಯ ಪುಟವನ್ನು ಬಹಳ ಹೊತ್ತು ನೋಡಿದಳು. “ಒಳ್ಳೇ ಕಣ್ಣು ಕಣೋ. ಪಾಪ, ಯಾರ ಮಗನೋ” ಅಂದಳು.

ಮತ್ತೆ ಮುಖವಾಡ ಹಾಕು ಎಂದು ಕೇಳುತ್ತಿಲ್ಲ. ಹಾಕಿದರೂ ಇನ್ನು ಉಪಯೋಗವಿಲ್ಲ. ಸಂಜೆ ಅವಳೇ ಗೋಡೆ ಹಿಡಿದುಕೊಂಡು ಹೋಗಿ ಚಿಲಕ ಹಾಕಲು ನೋಡಿದಳು. ತುಕ್ಕು ಹಿಡಿದು ಅದು ಅಲುಗಲಿಲ್ಲ. “ಸ್ವಲ್ಪ ಎಣ್ಣೆ ಬಿಡೋ” ಎಂದು ನನ್ನನ್ನು ಕರೆದಳು.

ಬಿಟ್ಟೆ.

ಇಂತಿ,
ಹಳೆಯ ಚಿತ್ರಕಾರ