ಎಲ್ಲರ ಹುಡುಕಾಟ ನನ್ನ ಫೋನಿನಲ್ಲಿ

ಫೆಬ್ರವರಿ 4, ಬೆಳಿಗ್ಗೆ

ಮಾತ್ರೆ ಆಯಿತು. ಕಾಲು ದಿಂಬಿನ ಮೇಲೆ. ನಾನು ಈ ಮನೆಯ ಹಿರಿಯಳು, ಗುಂಡಿ-ದಾರದ ಅಂಗಡಿಯ ಯಜಮಾನಿ. ಓದು ಹೈಸ್ಕೂಲಿಗೇ ನಿಂತರೂ ನನ್ನ ಮಾತು ಮೀರಿ ಅಲ್ಲಿ ಒಂದು ಸೂಜಿಯೂ ಅಲುಗಿಲ್ಲ. ಈಗ ಏಣಿಯಿಂದ ಬಿದ್ದು ಹಿಮ್ಮಡಿ ಮೂಳೆ ಬಿರುಕು — ಆರು ವಾರ ಹಾಸಿಗೆ. ಹತ್ತಬೇಡಿ ಎಂದು ಸೊಸೆ ಹೇಳಿದ್ದಳು. ಅದನ್ನು ಇಲ್ಲಿ ಮಾತ್ರ ಒಪ್ಪುತ್ತೇನೆ.

ಅಂಗಡಿಯಿಂದ ಒಂದು ಫೋನೂ ಇಲ್ಲ. ನಾನಿಲ್ಲದೆಯೂ ನಡೆಯುತ್ತದೆ ಎಂದಾಯಿತು.

ಫೆಬ್ರವರಿ 6

ಅಂಗಡಿಗೆ ಸೊಸೆ ಒಂದು ಆ್ಯಪ್ ಮಾಡಿದ್ದಾಳೆ. ಟೈಲರುಗಳು ಅದರಲ್ಲೇ ಹುಡುಕಿ ಆರ್ಡರ್ ಹಾಕುತ್ತಾರೆ. ನಮ್ಮವರೂ ಅದರಲ್ಲೇ ಸರಕು ನೋಡುವುದು. ಇಂದು ಹೊಸದೊಂದು ಸೇರಿಸಿದಳಂತೆ.

"ಅತ್ತೆ, ಸರ್ಚ್ ಜಾಗ ಒತ್ತಿ. ನೀವು ಮುಂಚೆ ಹುಡುಕಿದ್ದೆಲ್ಲ ಕೆಳಗೆ ಬರತ್ತೆ. ಮತ್ತೆ ಟೈಪ್ ಮಾಡೋ ಕಷ್ಟ ಇಲ್ಲ."

"ಗೊತ್ತಿರೋದನ್ನ ನಾನ್ಯಾಕೆ ಹುಡುಕಲಿ?"

"ನಿಮಗೆ ಗೊತ್ತು. ಮಿಕ್ಕವರಿಗೆ ಗೊತ್ತಿಲ್ವಲ್ಲ!" ನಗುತ್ತ ಹೋದಳು. ಬಾಯಿ ಜೋರು.

ಮಧ್ಯಾಹ್ನ 12

ಒತ್ತಿದೆ. ನಾನೇನೂ ಹುಡುಕಿಲ್ಲ. ಆದರೂ ಐದು ಸಾಲು — ಕಂದು ಗುಂಡಿ, ಎಂಟಿಂಚು ಜಿಪ್, ನೇರಳೆ ದಾರ... ಸ್ವಲ್ಪ ಹೊತ್ತಿಗೆ ಬೇರೆ ಸಾಲು. ಯಾರು ಏನು ಹುಡುಕಿದರೂ ಇಲ್ಲಿ ಬಂದು ಬೀಳುತ್ತಿದೆ! ನೇರಳೆ ದಾರ ಮಾತ್ರ ಮತ್ತೆ ಮತ್ತೆ ಮೇಲಕ್ಕೆ. ಸಿಗುತ್ತಿಲ್ಲ ಎಂದರ್ಥ. ಫೋನ್ ಮಾಡಿದೆ. ಹಳೆಯ ಸೇಲ್ಸ್‌ಮನ್ ಎತ್ತಿದ. ಅವನ ಎತ್ತರಕ್ಕೆ ಎಲ್ಲರೂ ಉದ್ದಣ್ಣ ಎನ್ನುವುದು.

"ನೇರಳೆ ದಾರ ಕಿಟಕಿ ಪಕ್ಕದ ರ‍್ಯಾಕು. ಕೆಳಗಿಂದ ಎರಡನೇದು, ಹಿಂದಿನ ಸಾಲು."

"ಅಮ್ಮಾ... ನಿಮಗೆ ಹೇಗೆ ಗೊತ್ತಾಯ್ತು?"

"ನನಗೇನು ಗೊತ್ತಾಗಲ್ಲ?"

ಇಟ್ಟೆ. ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ಫೆಬ್ರವರಿ 15

ಬರೆಯಲು ಪುರುಸೊತ್ತೇ ಇಲ್ಲ. ಹಾಸಿಗೆಯೇ ಅಂಗಡಿ. ದಿನಕ್ಕೆ ಏಳೆಂಟು ಫೋನ್. ಅಮ್ಮ ಗೋಡೆಯಲ್ಲಿ ಕಣ್ಣಿಟ್ಟು ಹೋಗಿದ್ದಾರೆ ಎಂದು ಉದ್ದಣ್ಣ ಹೆದರಿದ್ದಾನಂತೆ. ಹೆದರಲಿ. ಕಾಲುನೋವು ನೆನಪಾದರೆ ತಾನೇ... ಸೊಸೆಯ ಹೊಟ್ಟೆ ತಣ್ಣಗಿರಲಿ.

ಫೆಬ್ರವರಿ 19, ಸಂಜೆ

ಅಂಗಡಿಯಲ್ಲಿ ರಂಪ. ಕೋಟು ಹೊಲಿಯುವ ಟೈಲರ್ ಹೋಟೆಲೊಂದರ ಹೆಸರು ಹಾಕಿಯೇ ಅದರ ಯೂನಿಫಾರ್ಮಿಗೆ ಹಿತ್ತಾಳೆ ಗುಂಡಿ ಹುಡುಕಿದ್ದು ಎದುರು ಬೀದಿಯ ಟೈಲರನ ಫೋನಿನಲ್ಲಿ ಕಂಡಿದೆ. ಅವನು ಸುಳಿವು ಹಿಡಿದು ಹೋಟೆಲಿಗೆ ಹೋಗಿ ಆ ಕೆಲಸ ತಾನೇ ಹೊಡೆದುಕೊಂಡ. ಮಗ ಎಲ್ಲರೆದುರು ಹೆಂಡತಿಯನ್ನು ಬೈದನಂತೆ.

ಸೊಸೆ ಕೆಂಪು ಕಣ್ಣಲ್ಲಿ ಬಂದು ನಿಂತಳು. "ತಪ್ಪು ನಂದೇ ಅತ್ತೆ. ಹುಡುಕಿದ್ದು ಅವರವರ ಫೋನಲ್ಲೇ ಉಳೀಬೇಕಿತ್ತು. ಎಲ್ಲರಿಗೂ ಒಂದೇ ಪಟ್ಟಿ ಹೋಗೋ ಹಾಗೆ ಮಾಡ್ಬಿಟ್ಟಿದ್ದೆ. ನಿಮಗೆ ಕಾಣಿಸಿರಲಿಲ್ವಾ?"

"ಮೊದಲು ಸರಿ ಮಾಡು," ಎಂದೆ. ಅಷ್ಟೇ.

ಕಂಡಿತ್ತು. ಇದು ಸರಿಯಲ್ಲ ಎಂದು ಎರಡನೇ ದಿನವೇ ಗೊತ್ತಾಗಿತ್ತು. ಒಬ್ಬ ಗಿರಾಕಿಯ ಮಾತು ಇನ್ನೊಬ್ಬನ ಕಿವಿಗೆ ಬೀಳಬಾರದು — ಅಂಗಡಿಗೆ ಆ ಪಾಠ ಕಲಿಸಿದವಳು ನಾನೇ. ಹೇಳಿದ್ದರೆ ಪಟ್ಟಿ ನಿಂತುಹೋಗುತ್ತಿತ್ತು. ಹೇಳಲಿಲ್ಲ.

ಫೆಬ್ರವರಿ 20

ಒತ್ತಿದರೆ ಖಾಲಿ. 'ನೀವು ಇನ್ನೂ ಏನೂ ಹುಡುಕಿಲ್ಲ' ಎನ್ನುತ್ತದೆ.

ಮಗ ಬಂದ. "ಈ ಆ್ಯಪಿನ ಸಹವಾಸವೇ ಬೇಡಮ್ಮ. ಇವಳಿಗೆ ಅಂಗಡಿ ಉಸಾಬರಿ ಯಾಕೆ? ಮನೇಲಿರ್ಲಿ. ನೀನೊಂದು ಹೂಂ ಅನ್ನು."

"ನಾಳೆ ಹೇಳ್ತೀನಿ."

ಸೊಸೆ ತಟ್ಟೆ ತಂದಿಟ್ಟಳು. ಮಾತ್ರೆ ಎಂದಿನಂತೆ ಎರಡು ತುಂಡು ಮಾಡಿ ಪಕ್ಕದಲ್ಲಿ. ತಟ್ಟೆ ಹಾಗೇ ಪಕ್ಕಕ್ಕೆ ಸರಿಸಿದೆ.

ಫೆಬ್ರವರಿ 21, ಮಧ್ಯಾಹ್ನ

ಕಟ್ಟು ಹಾಕಿದ ಕಾಲಲ್ಲೇ ಗಾಡಿ ಮಾಡಿಸಿಕೊಂಡು ಅಂಗಡಿಗೆ ಹೋಗಿ ಬಂದೆ. ಸೊಸೆಯನ್ನೂ ಹೊರಡಿಸಿದೆ. ಕೋಟಿನ ಟೈಲರನನ್ನು ಮೊದಲೇ ಕರೆಸಿದ್ದೆ. ಅವನು, ಮಗ, ಉದ್ದಣ್ಣ — ಎಲ್ಲರೆದುರು ಹೇಳಿದೆ.

"ಹದಿಮೂರು ದಿನ ಅದು ನನ್ನ ಕಣ್ಣಿಗೆ ಬಿದ್ದಿತ್ತು. ಬೇಕಂತಲೇ ಬಾಯಿ ಮುಚ್ಕೊಂಡೆ. ಅವಳದ್ದು ಕೈತಪ್ಪು. ನಂದು ಗೊತ್ತಿದ್ದೂ ಮಾಡಿದ್ದು. ಬೈಯೋದಿದ್ರೆ ನನ್ನ ಬೈಯಪ್ಪ."

ಉದ್ದಣ್ಣ ಬಾಯಿ ಬಿಟ್ಟು, "ಹಾಗಾದ್ರೆ ನೇರಳೆ ದಾರ..." ಎಂದ. ಟೈಲರ್ ತಲೆ ಕೆರೆದುಕೊಂಡ.

"ನಿಮ್ಮನ್ನ ಬೈಯೋ ಧೈರ್ಯ ಇದ್ದಿದ್ರೆ ನಾನ್ಯಾಕಮ್ಮ ಟೈಲರ್ ಆಗ್ತಿದ್ದೆ? ಪೊಲೀಸೇ ಆಗ್ತಿದ್ದೆ. ಆದ್ರೆ ಹೋಟೆಲ್ ಕೆಲಸ ಹೋಯ್ತಲ್ಲಮ್ಮ."

"ಹೋಯ್ತು. ತಪ್ಪಾಯ್ತು."

ಆ ಮಾತು ಅಂಗಡಿಯಲ್ಲಿ ಯಾರೂ ನನ್ನ ಬಾಯಲ್ಲಿ ಕೇಳಿರಲಿಲ್ಲ. ಮಗನ ಕಡೆ ತಿರುಗಿದೆ. "ಆ್ಯಪ್ ಇರತ್ತೆ. ಮಾಡಿದವಳೂ ಇಲ್ಲೇ ಇರ್ತಾಳೆ. ಎಲ್ಲರ ಮುಂದೆ ಬೈದೆಯಲ್ಲ, ಎಲ್ಲರ ಮುಂದೇನೇ ಸರಿ ಮಾಡ್ಕೋ." ನೆಲ ನೋಡುತ್ತ ಏನೋ ಗೊಣಗಿದ. "ಜೋರಾಗಿ," ಎಂದೆ. ಜೋರಾಗಿ ಹೇಳಿದ.

ಮನೆಯವರೆಗೂ ಸೊಸೆ ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡೇ ಬಂದಳು, ಕುಲುಕಿ ನೋಯಬಾರದೆಂದು. ಹಾಸಿಗೆ ಹಿಡಿದವಳಿಗೆ ಹದಿಮೂರು ದಿನ ಜೀವ ತುಂಬಿದ್ದು ಇವಳ ತಪ್ಪೇ. ಅದನ್ನು ನುಂಗಿಕೊಳ್ಳುವುದು ಬೇಡ ಎನ್ನಿಸಿತು. ಗಾಡಿಯಲ್ಲೇ ಹೇಳಿಬಿಟ್ಟೆ. ಅವಳು ನಕ್ಕಳು: "ಇನ್ನು ಮೇಲೆ ಏನಾದ್ರೂ ಸಿಗದಿದ್ರೆ ನಾನೇ ನಿಮಗೆ ಫೋನ್ ಮಾಡ್ತೀನಿ, ಅತ್ತೆ."