ಒಲೆಯ ಮೇಲಿನ ಅಣಬೆ ಸರ

ಸ್ಕಾಟ್ಲೆಂಡ್, ಅಕ್ಟೋಬರ್ ೧೯೪೫

ತಂಗಿ ಬ್ರೋನ್ಯಾ,

ನಿನ್ನ ಮಗ ವಿತೋಲ್ಡ್ ಬದುಕಿದ್ದಾನೆ, ಅತ್ತುಕೊಂಡು ಕೂರಬೇಡ. ಬ್ರಿಟಿಷರ ಜೊತೆ ಜರ್ಮನಿಯ ಮೇಲೆ ಹಾರಿದ್ದ ಅವನಿದ್ದ ನಮ್ಮ ಪೋಲಿಷ್ ವಿಮಾನ ಕಳೆದ ವರ್ಷ ಬಿದ್ದು, ಅವನ ಸಂಗಡಿಗರೆಲ್ಲ ಸತ್ತರು. ಅಂದಿನಿಂದ ಅವನಿಗೆ ಊಟ ಸೇರದು, ಮಾತೂ ಇಲ್ಲ. ಅದಕ್ಕೇ ಕಾಡಿನಿಂದ ಅಣಬೆ ತಂದು, ದಾರಕ್ಕೆ ಪೋಣಿಸಿ ಒಣಗಲೆಂದು ಒಲೆಯ ಮೇಲೆ ಕಟ್ಟಿದೆ. ಥೇಟ್ ಊರಿನ ನಮ್ಮ ಅಡುಗೆಮನೆಯ ವಾಸನೆ! ಮನೆಯೊಡತಿ ಮಿಸೆಸ್ ಬೇನ್ ವಿಷವೆಂದು ಅಷ್ಟನ್ನೂ ತಿಪ್ಪೆಗೆಸೆದಳು. ಅವಳಿಗೆ ಬೈದು, ಮತ್ತೆ ಕಿತ್ತು ತಂದು ಸಾರು ಕಾಸಿದೆ.

"ಸಾಯೋದಾದ್ರೆ ಹೊರಗೋಗಿ ಸಾಯ್ರಪ್ಪ, ನನ್ ಮನೇಲಿ ಬೇಡ," ಎಂದು ಬಾಗಿಲಲ್ಲೇ ನಿಂತಳು.

ವಿತೋಲ್ಡ್ ಎರಡು ಬಟ್ಟಲು ಕುಡಿದ. "ಥೂ ಮಾವ, ಅಮ್ಮ ಇದಕ್ಕೆ ಬಾರ್ಲಿ ಹಾಕ್ತಾಳೆ, ಅಷ್ಟೂ ಗೊತ್ತಿಲ್ವಾ?" ಎಂದ.

ವರ್ಷದ ಮೇಲೆ ನಿನ್ನ ಸುದ್ದಿ ಎತ್ತಿದ್ದು ಇದೇ ಮೊದಲು. ನನ್ನ ಮಂಡಿನೋವು ಹಾಗೇ ಇದೆ. ಬಾರ್ಲಿ ಎಷ್ಟು, ಯಾವಾಗ ಹಾಕಬೇಕು, ಬೇಗ ಬರೆ. ಅಣಬೆ ಕಾಲ ಮುಗಿಯುತ್ತಿದೆ.

ನಿನ್ನಣ್ಣ ಕ್ಲೆಮೆನ್ಸ್